ಕಿಟಕಿ ಇರೋ ಆಲೂಗೆಡ್ಡೆ ಗ್ರೋ ಬ್ಯಾಗ್ ಕಿಟ್ಟು: ಒಂದ್ಸಲ ಸೋತು ಒಂದ್ಸಲ ಬೆಳೆದ ಮೇಲೆ ಬರೀತಿರೋ ರಿವ್ಯೂ

ಐದಕ್ಕೆ ಎರಡೂವರೆ. ಆ್ಯಪಲ್ಲಿ ಅರ್ಧ ಸ್ಟಾರ್ ಕೊಡೋಕೆ ಬರಲ್ಲ ಅಂತ ಎರಡು ಒತ್ತಿ ಬಂದಿದೀನಿ, ಉಳಿದ ಅರ್ಧ ಆ ಬ್ಯಾಗಿನ ಬಟ್ಟೆಗೆ, ಅದನ್ನ ಇಲ್ಲಿ ಕೊಡ್ತಿದೀನಿ. ಕಂಪನಿ ಹೆಸರು ಬೇಕಂತ್ಲೇ ಹಾಕ್ತಿಲ್ಲ, ಇದೇ ಸಾಮಾನು ಬೇರೆ ಬೇರೆ ಹೆಸರಲ್ಲಿ ಎಷ್ಟೋ ಜನ ಮಾರ್ತಿದಾರೆ, ಎಲ್ಲರ ಫೋಟೋನೂ ಹೆಚ್ಚೂಕಮ್ಮಿ ಒಂದೇ: ಹಸಿರು ಬ್ಯಾಗು, ಅದರ ಹೊಟ್ಟೆ ಹತ್ರ ಒಂದು ಕಿಟಕಿ, ಆ ಕಿಟಕಿಯೊಳಗೆ ಕೈ ಹಾಕಿ ಒಂದು ಮಗು ಡಬ್ಬಿಯಿಂದ ಲಾಡು ತೆಗೆದಂಗೆ ತೊಳೆದಿಟ್ಟ ಥರದ ಆಲೂಗೆಡ್ಡೆ ತೆಗೀತಿರತ್ತೆ. ನಾನು ಬಿದ್ದಿದ್ದೇ ಆ ಫೋಟೋಗೆ. ಆ ಕಿಟಕಿನೇ ಇಡೀ ಕಿಟ್ಟಲ್ಲಿ ಅತೀ ದಂಡದ ವಸ್ತು ಅಂತ ಗೊತ್ತಾಗೋಕೆ ನಂಗೆ ಹತ್ತು ತಿಂಗಳು ಬೇಕಾಯ್ತು.

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ನಗಬೇಡಿ. ನನ್ನ ತವರು ಹಾಸನ ತಾಲ್ಲೂಕು ದುದ್ದ ಹೋಬಳಿ. ಆಲೂಗೆಡ್ಡೆ ಸೀಮೆ. ಚಿಕ್ಕೋರಿದ್ದಾಗ ಗಣೇಶನ ಹಬ್ಬದ ಆಸುಪಾಸಲ್ಲಿ ಆಲೂಗೆಡ್ಡೆ ಕೀಳೋಕೆ ಶುರುವಾದ್ರೆ ನೇಗಿಲ ಹಿಂದೆ ಬುಟ್ಟಿ ಹಿಡ್ಕೊಂಡು ಓಡಿ ಓಡಿ ಆಯ್ತಿದ್ವಿ, ಸಂಜೆ ಅದೇ ಹೊಲದ ಬದೂಲಿ ಒಣಗಿದ ಸೊಪ್ಪು ಸೌದೆ ಹಾಕಿ ಸುಟ್ಟು ಉಪ್ಪು ಹಚ್ಕೊಂಡು ತಿಂತಿದ್ವಿ. ಅಂಥವಳು ಬೆಂಗಳೂರಿಗೆ ಬಂದು, ಮದುವೆಯಾಗಿ, ಉತ್ತರಹಳ್ಳಿ ಕಡೆ ಒಂದು ಮನೆ ಟೆರೇಸಲ್ಲಿ ನಿಂತು, ಮೊಬೈಲಲ್ಲಿ ಆಲೂಗೆಡ್ಡೆ ಬೆಳೆಯೋ ಕಿಟ್ಟು ಆರ್ಡರ್ ಮಾಡಿದೀನಿ. ನಮ್ಮತ್ತೆ ಅವತ್ತು ಪಾರ್ಸಲ್ ನೋಡಿ, "ಹಾಸನದೋಳು ಆಲೂಗೆಡ್ಡೆ ಬಿತ್ತೋಕೆ ಪೋಸ್ಟಲ್ಲಿ ಬೀಜ ತರಿಸಿದ್ಲು" ಅಂತ ಪಕ್ಕದ ಮನೆಯೋರಿಗೆಲ್ಲ ಹೇಳ್ಕೊಂಡು ಬಂದ್ರು. ಇವತ್ತಿಗೂ ಹೇಳ್ತಾರೆ.

ಕಿಟ್ಟಿಗೆ 949 ರೂಪಾಯಿ. ಒಳಗಡೆ ಇದ್ದಿದ್ದು: 15 ಇಂಚು ಅಗಲ 15 ಇಂಚು ಎತ್ತರದ ಎರಡು ದಪ್ಪ ಬಟ್ಟೆ ಬ್ಯಾಗು, ಆರು "ಬಿತ್ತನೆ" ಆಲೂಗೆಡ್ಡೆ, ಒಂದು ಕೆಜಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ, ಅರ್ಧ ಕೆಜಿ ಎರೆಗೊಬ್ಬರ, ಕೆಮ್ಮಿನ ಸಿರಪ್ ಬಾಟಲಿ ಥರ ಒಂದು ಚಿಕ್ಕ ಟಾನಿಕ್, ಮತ್ತೆ ಒಂದು ಬಣ್ಣದ ಚೀಟಿ. ಆ ಚೀಟಿಲಿ ಮೂರು ಮಾತು ದಪ್ಪ ಅಕ್ಷರದಲ್ಲಿ ಇತ್ತು. ವರ್ಷದ ಯಾವ ಕಾಲದಲ್ಲಾದ್ರೂ ಬೆಳೀಬಹುದು, 60 ದಿನಕ್ಕೆ ಕೊಯ್ಲು, ಒಂದು ಬ್ಯಾಗಿಗೆ 5 ಕೆಜಿ. ಮೂರೂ ಸುಳ್ಳು.

ಕೋಕೋಪೀಟ್ ಇಟ್ಟಿಗೆನ ಬಕೆಟ್ಟಲ್ಲಿ ನೀರು ಹಾಕಿ ಉಬ್ಬಿಸಿದ್ರೆ ಒಂದು ಬಕೆಟ್ ತುಂಬತ್ತೆ ಅಷ್ಟೇ. ಬ್ಯಾಗು ನೋಡಿದ್ರೆ ಒಂದೊಂದಕ್ಕೂ ಮೂರ್ಮೂರು ಬಕೆಟ್ ಬೇಕು. ಅಂದ್ರೆ ಎರಡು ಬ್ಯಾಗಿಗೆ ಅವರು ಕೊಟ್ಟಿರೋದು ಆರರಲ್ಲಿ ಒಂದು ಪಾಲು. ಮಿಕ್ಕಿದ್ದು ನೀವೇ ತಂದ್ಕೋಬೇಕು, ಇದನ್ನ ಎಲ್ಲೂ ಬರೆದಿಲ್ಲ. ಸೆಲ್ಫಿ ಸ್ಟಿಕ್ ತಗೊಂಡ್ರೆ ಬ್ಯಾಟರಿ ಬೇರೆ ತಗೋಬೇಕು ಅಂತಾದ್ರೂ ಬರೆದಿರ್ತಾರೆ! ನಮ್ಮೆಜಮಾನ್ರು ಸ್ಕೂಟರ್‌ನಲ್ಲಿ ನರ್ಸರಿಗೆ ಎರಡು ಸಲ ಹೋಗಿ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ತಂದ್ರು, ಅದಕ್ಕೊಂದು 260 ರೂಪಾಯಿ ಸೇರಿಸ್ಕೊಳಿ, ಅವರ ಬೈಗುಳ ಫ್ರೀ.

ಈಗ ಮೊದಲನೇ ಸೋಲಿನ ಕಥೆ. ಏಪ್ರಿಲ್ 12ಕ್ಕೆ ನೆಟ್ಟೆ. ಯಾವ ಕಾಲದಲ್ಲಾದ್ರೂ ಆಗತ್ತೆ ಅಂತ ಬರೆದಿದಾರಲ್ಲ, ಮಗನಿಗೆ ರಜ, ಅವನಿಗೂ ಟೈಂಪಾಸು ಅಂತ. ಗಿಡ ಬಂತು ಮಾರಾಯ್ರೆ, ಏನ್ ಗಿಡ! ಮೂರು ವಾರಕ್ಕೆ ಬ್ಯಾಗು ತುಂಬಿ ಹೊರಗಡೆ ಚೆಲ್ಲೋ ಹಂಗೆ ಸೊಪ್ಪು. ನಾನು ದಿನಾ ಫೋಟೋ ತೆಗೆದು ತವರಿನ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೇ ಹಾಕಿದ್ದು. ಚಿಕ್ಕಪ್ಪ ಮಾತ್ರ ಒಂದಕ್ಕೂ ಲೈಕ್ ಒತ್ತಿರ್ಲಿಲ್ಲ, ಆಗ್ಲೇ ಅನುಮಾನ ಬರಬೇಕಿತ್ತು ನಂಗೆ. ಮೇ ತಿಂಗಳಲ್ಲಿ ಗಿಡ ಸೊಟ್ಟಗೆ ಉದ್ದಕ್ಕೆ ಹೋಯ್ತು, ಕೆಳಗಿನ ಎಲೆ ಹಳದಿ ಆಯ್ತು. 60 ದಿನ ಆಯ್ತು, ಏನಿಲ್ಲ. ಜೂನ್ 25ಕ್ಕೆ ತಡೆಯೋಕಾಗ್ದೆ ಎರಡೂ ಬ್ಯಾಗು ಬೋರಲು ಹಾಕ್ದೆ. ಮಗ ಟೆರೇಸಿನ ನೆಲದ ಮೇಲೆ ಕೂತು ಮಣ್ಣೆಲ್ಲ ಬೆರಳಲ್ಲಿ ಕೆದಕಿ ಕೆದಕಿ ಹುಡುಕಿ ಹನ್ನೊಂದು ಗೆಡ್ಡೆ ತೆಗೆದ. ದೊಡ್ಡದು ಅಂದ್ರೆ ನೆಲ್ಲಿಕಾಯಷ್ಟು, ಚಿಕ್ಕದು ಆಟ ಆಡೋ ಗೋಲಿಯಷ್ಟು. ಅಡುಗೆಮನೆ ತಕ್ಕಡಿಲಿ ಇಟ್ರೆ 90 ಗ್ರಾಂ. ನಮ್ಮತ್ತೆ ಅದನ್ನ ಅಂಗೈಲಿ ಹಿಡ್ಕೊಂಡು, "ಚೌಕಾಬಾರ ಆಡ್ಬೋದು" ಅಂದ್ರು.

ಕಸ್ಟಮರ್ ಕೇರಿಗೆ ಚಾಟ್ ಮಾಡಿದೆ. ಅದನ್ನೂ ಹೇಳ್ಬೇಕು ಯಾಕಂದ್ರೆ ಇದು ಸರ್ವಿಸಿನ ರಿವ್ಯೂನೂ ಹೌದು. ಮೊದಲು "ಮ್ಯಾಮ್ ಫ್ಲವರ್ ಬಂದಿತ್ತಾ" ಅಂದ್ರು. ಇಲ್ಲ ಅಂದೆ. "ಫ್ಲವರ್ ಬರದೆ ಹಾರ್ವೆಸ್ಟ್ ಮಾಡಬಾರದಿತ್ತು ಮ್ಯಾಮ್" ಅಂದ್ರು. ಹೂವಿಗೂ ಗೆಡ್ಡೆಗೂ ಅಂಥ ಕರಾರೇನೂ ಇಲ್ಲ, ಹೂವೇ ಬಿಡದೆ ಗೆಡ್ಡೆ ಕಟ್ಟೋದು ಉಂಟು, ಹೂ ಬಿಟ್ರೂ ಕಟ್ಟದೆ ಇರೋದೂ ಉಂಟು. ಆಮೇಲೆ "ನಮ್ಮ ಟಾನಿಕ್ ಎಷ್ಟು ಸಲ ಹಾಕಿದ್ರಿ" ಅಂದ್ರು. ಬಾಟಲಿ ಖಾಲಿ ಆಗಿದೆ ಅಂದೆ. "ಇನ್ನೊಂದು ಬಾಟಲಿ ಬೇಕಿತ್ತು ಮ್ಯಾಮ್." ಕೊನೆಗೆ ಹತ್ತು ಪರ್ಸೆಂಟ್ ಕೂಪನ್ ಕೊಟ್ಟು ಕೈ ತೊಳ್ಕೊಂಡ್ರು. ಸಭ್ಯವಾಗೇ ಮಾತಾಡಿದ್ರು, ಅದಕ್ಕೆ ನಂಗೇನೂ ತಕರಾರಿಲ್ಲ, ಆದ್ರೆ ಆ ಕಡೆ ಕೂತಿದ್ದೋರು ಜೀವಮಾನದಲ್ಲಿ ಒಂದು ಆಲೂಗೆಡ್ಡೆ ಗಿಡ ನೋಡಿರ್ಲಿಲ್ಲ ಅಂತ ಖಾತ್ರಿ.

ನಿಜವಾದ ಕಸ್ಟಮರ್ ಕೇರ್ ಸಿಕ್ಕಿದ್ದು ಗೌರಿ ಹಬ್ಬಕ್ಕೆ ಊರಿಗೆ ಹೋದಾಗ. ಚಿಕ್ಕಪ್ಪ ಅಂಗಳದಲ್ಲಿ ಆಗ ತಾನೆ ಕಿತ್ತ ಗೆಡ್ಡೆ ರಾಶಿ ಮುಂದೆ ಕೂತು ಸಣ್ಣದು ದೊಡ್ಡದು ಬೇರೆ ಮಾಡ್ತಿತ್ತು. ನಾನು ಕಥೆ ಹೇಳಿದ ತಕ್ಷಣ, "ಬ್ಯಾಸಿಗೇಲಿ ನೆಟ್ರೆ ಸೊಪ್ಪು ಬತ್ತದೆ, ಗೆಡ್ಡೆ ಎಲ್ ಬತ್ತದೆ ಕಣವ್ವ? ರಾತ್ರಿ ತಂಪಿದ್ರೆ ಅದ್ರ ಜೀವ ಕೆಳಕ್ಕಿಳೀತದೆ, ಇಲ್ದಿದ್ರೆ ಮ್ಯಾಲಕ್ಕೇ ಓಯ್ತದೆ" ಅಂತು. ಇಷ್ಟೇ ವಿಷಯ. ಪುಸ್ತಕದ ಲೆಕ್ಕದಲ್ಲಿ ಹೇಳೋದಾದ್ರೆ ರಾತ್ರಿ 15 ರಿಂದ 20 ಡಿಗ್ರಿ ಇದ್ರೆ ಗೆಡ್ಡೆ ಚೆನ್ನಾಗಿ ಕಟ್ಟತ್ತೆ, ಮಣ್ಣಿನ ಬಿಸಿ 30ರ ಮೇಲೆ ಹೋದ್ರೆ ಕಟ್ಟೋದೇ ಹೆಚ್ಚೂಕಮ್ಮಿ ನಿಲ್ಲತ್ತೆ. ಏಪ್ರಿಲ್ ಬಿಸಿಲಲ್ಲಿ ಬೆಂಗಳೂರಿನ ಟೆರೇಸು ಮಧ್ಯಾಹ್ನ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಅದರ ಮೇಲೆ ಬ್ಯಾಗು ಇಟ್ಟು ಒಳಗೆ ಗೆಡ್ಡೆ ಕಟ್ಟು ಅಂದ್ರೆ ಎಲ್ಲಿಂದ ಕಟ್ಟತ್ತೆ. ಹಾಸನದಲ್ಲಿ ಮೇ ಕೊನೆಗೆ ಬಿತ್ತಿದ್ರೂ ನಡೆಯೋದು ಯಾಕಂದ್ರೆ ಗೆಡ್ಡೆ ಕಟ್ಟೋ ಹೊತ್ತಿಗೆ ಅಲ್ಲಿ ಜುಲೈ ಮೋಡ, ಸೋನೆ ಮಳೆ, ಚಳಿ. ನಮಗೆ ಟೆರೇಸಿನೋರಿಗೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರನೇ ಸರಿ. ಇದೊಂದು ಸಾಲು ಆ ಬಣ್ಣದ ಚೀಟಿಲಿ ಹಾಕಿದ್ರೆ ನಾನು ಮೂರು ಸ್ಟಾರ್ ಕೊಡ್ತಿದ್ದೆ.

ಬೀಜದ ವಿಷಯ ಇನ್ನೂ ದೊಡ್ಡದು. ನಮ್ಮೂರ ಕಡೆ ಬಿತ್ತನೆ ಗೆಡ್ಡೆ ಬರೋದು ಪಂಜಾಬಿನ ಜಲಂಧರ್ ಕಡೆಯಿಂದ. ಏಪ್ರಿಲ್ ಮೇಲಿ ಹಾಸನ ಎಪಿಎಂಸಿಗೆ ಲಾರಿ ಲಾರಿ ಬಂದಿಳಿಯತ್ತೆ, 50 ಕೆಜಿ ಚೀಲ, ರೈತರು ಒಂದೊಂದು ಚೀಲಕ್ಕೂ ಕೈ ಹಾಕಿ ಗೆಡ್ಡೆ ತೆಗೆದು ಕುಯ್ದು ನೋಡಿ ಚೌಕಾಸಿ ಮಾಡಿ ತಗೋತಾರೆ. ಅಷ್ಟು ದೂರದಿಂದ ಯಾಕೆ ತರಿಸ್ತಾರೆ ಅಂತ ಚಿಕ್ಕೋಳಿದ್ದಾಗ ನಂಗೂ ಅನ್ಸೋದು. ಆಲೂಗೆಡ್ಡೆಗೆ ವೈರಸ್ ರೋಗ ಹರಡೋದು ಸಸ್ಯಹೇನು, ಪಂಜಾಬಿನ ಚಳಿ ಶುರುವಾಗೋ ಕಾಲದಲ್ಲಿ ಆ ಹೇನಿನ ಕಾಟ ಕಮ್ಮಿ, ಅಲ್ಲಿ ಆ ಹೊತ್ತಲ್ಲಿ ಬೆಳೆದ ಗೆಡ್ಡೆ ಬಿತ್ತನೆಗೆ ಶುದ್ಧ. ನಮ್ಮದೇ ಬೆಳೆಯ ಗೆಡ್ಡೆನ ವರ್ಷ ವರ್ಷ ಬಿತ್ತಿದ್ರೆ ರೋಗ ಒಳಗೊಳಗೇ ಸೇರ್ಕೊಂಡು ಇಳುವರಿ ಇಳೀತಾ ಹೋಗತ್ತೆ. ಈಗ ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದ ಕಡೆಯಿಂದ ಕಾಂಡದ ತುದಿ ಕತ್ತರಿಸಿ ಬೇರು ಬರಿಸಿದ ಸಸಿಗಳಿಂದ ಇಲ್ಲೇ ಬಿತ್ತನೆ ಮಾಡ್ಕೊಳೋ ಪ್ರಯತ್ನ ನಡೀತಿದೆ, ಅದು ಎಲ್ಲ ಕಡೆ ಸಿಕ್ರೆ ಜಲಂಧರದ ಹಂಗು ಸ್ವಲ್ಪ ತಪ್ಪತ್ತೆ.

ಇಷ್ಟೆಲ್ಲ ಇರೋವಾಗ ನಮ್ಮ ಕಿಟ್ಟಿನ ಬೀಜ ಹೆಂಗಿತ್ತು ಗೊತ್ತಾ. ತಳಿ ಹೆಸರೇ ಇಲ್ಲ. ಎಲ್ಲಿಂದ ಬಂತು ಅಂತ ಇಲ್ಲ. ಆ ಕೂಪನ್ ಉಪಯೋಗಿಸಿ ಅಕ್ಟೋಬರಲ್ಲಿ ಮತ್ತೆ ಅವರದ್ದೇ "ಪ್ರೀಮಿಯಂ" ಬೀಜ ತರಿಸ್ದೆ, ಪರೀಕ್ಷೆ ಮಾಡೇಬಿಡೋಣ ಅಂತ, 199ರದ್ದು 179ಕ್ಕೆ ಬಂತು. ಅರ್ಧ ಕೆಜಿ, ನೀಟಾಗಿ ತೊಳೆದು ಒರೆಸಿದ ಗೆಡ್ಡೆ, ಒಂದು ಕಣ್ಣಲ್ಲೂ ಮೊಳಕೆ ಇಲ್ಲ, ಅಂಗಡಿಲಿ ಪಲ್ಯಕ್ಕೆ ಕೊಡೋದೇ ಸೇಮ್. ಅಡುಗೆಗೆ ಅಂತ ಕೋಲ್ಡ್ ಸ್ಟೋರೇಜಲ್ಲಿ ಇಡೋ ಗೆಡ್ಡೆಗೆ ಮೊಳಕೆ ಬರದೇ ಇರಲಿ ಅಂತ ಔಷಧಿ ಹೊಗೆ ಕೊಡೋದಿದೆ, ಅಂಥದ್ದನ್ನ ನೆಟ್ಕೊಂಡು ಕೂತ್ರೆ ದೇವರೇ ಗತಿ. ಇದೂ ಹಂಗೇ ಬಂದಿದ್ದು ಅಂತ ನಾನು ಹೇಳ್ತಿಲ್ಲ, ನೋಡೋಕೆ ಹಂಗಿತ್ತು ಅಂತಿದೀನಿ ಅಷ್ಟೆ.

ಚಿಕ್ಕಪ್ಪ ಹಬ್ಬದ ದಿನ ಬಾಗಿನದ ಜೊತೆ ಒಂದು ಕ್ಯಾರಿ ಬ್ಯಾಗಲ್ಲಿ ನಿಂಬೆಹಣ್ಣಿನ ಗಾತ್ರದ ಸಣ್ಣ ಗೆಡ್ಡೆ ಕಟ್ಟಿ ಕೊಟ್ಟಿತ್ತು. ಕುಫ್ರಿ ಜ್ಯೋತಿ. ಕುಫ್ರಿ ಅನ್ನೋದು ಶಿಮ್ಲಾ ಹತ್ರದ ಒಂದು ಊರು, ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯೋರ ತಳಿಗಳಿಗೆಲ್ಲ ಮುಂದೆ ಆ ಹೆಸರು ಸೇರ್ಕೊಳತ್ತೆ. ಜ್ಯೋತಿ 1968ರ ತಳಿ, ಕಣ್ಣು ಆಳ ಇರಲ್ಲ, ಸಿಪ್ಪೆ ಹೆರೆಯೋಕೆ ಸಲೀಸು, ನಮ್ಮೂರಲ್ಲಿ ಜ್ಯೋತಿ ಅಂದ್ರೆ ಆಲೂಗೆಡ್ಡೆ, ಆಲೂಗೆಡ್ಡೆ ಅಂದ್ರೆ ಜ್ಯೋತಿ ಅನ್ನೋ ಹಂಗಿತ್ತು ಕಾಲ. "ಈಗ್ಲೇ ನೆಡಬ್ಯಾಡ, ಮಲಗೈತೆ, ಎದ್ದ ಮ್ಯಾಲೆ ನೆಡು. ಒಂದ್ ಸಲಕ್ಕೆ ಆಯ್ತದೆ, ಇದನ್ನೇ ತಿರುಗಿ ತಿರುಗಿ ಬಿತ್ತಬ್ಯಾಡ" ಅಂತ ಎರಡು ಎಚ್ಚರಿಕೆ. ಕಿತ್ತ ಗೆಡ್ಡೆ ಎರಡು ಎರಡೂವರೆ ತಿಂಗಳು ಏನು ಮಾಡಿದ್ರೂ ಮೊಳೆಯಲ್ಲ, ಅದರ ನಿದ್ದೆ ಮುಗೀಬೇಕು. ಮೊಟ್ಟೆ ಟ್ರೇಲಿ ಜೋಡಿಸಿ ಅಡುಗೆಮನೆ ಶೆಲ್ಫಲ್ಲಿ ಮಂದ ಬೆಳಕಿರೋ ಕಡೆ ಇಟ್ಟಿದ್ದೆ. ಅಕ್ಟೋಬರ್ ಕೊನೇ ವಾರ ಒಂದು ಬೆಳಿಗ್ಗೆ ನೋಡ್ತೀನಿ, ಕಣ್ಣು ಕಣ್ಣಿಗೂ ನೇರಳೆ ಬಣ್ಣದ ಗಿಡ್ಡ ಗಟ್ಟಿ ಮೊಳಕೆ, ಅಕ್ಕಿಕಾಳು ನಿಂತ್ಕೊಂಡಂಗೆ. ಕತ್ತಲೇಲಿ ಇಟ್ರೆ ಬಿಳೀ ದಾರದ ಥರ ಉದ್ದುದ್ದ ಬರತ್ತೆ, ಅದು ಮುಟ್ಟಿದ್ರೆ ಮುರಿಯತ್ತೆ.

ನವೆಂಬರ್ 6ಕ್ಕೆ ಎರಡನೇ ಸಲ ನೆಟ್ಟೆ. ಈ ಸಲ ಮೂರು ಕಡೆ. ಒಂದನೇ ಬ್ಯಾಗಿಗೆ ಕಂಪನಿ ಬೀಜ ಮೂರು, ಎರಡನೇ ಬ್ಯಾಗಿಗೆ ಚಿಕ್ಕಪ್ಪನ ಬೀಜ ಮೂರು, ಮತ್ತೆ ಮನೇಲಿದ್ದ 26 ಕೆಜಿ ಸೋನಾ ಮಸೂರಿ ಅಕ್ಕಿ ಚೀಲಕ್ಕೆ ಚಿಕ್ಕಪ್ಪನ ಬೀಜವೇ ಮೂರು. ಮಣ್ಣು, ಗೊಬ್ಬರ, ಎರೆಗೊಬ್ಬರ ಎಲ್ಲಕ್ಕೂ ಒಂದೇ ಮಿಕ್ಸು. ಕಂಪನಿ ಗೆಡ್ಡೆ ದಪ್ಪ ಇದ್ದಿದ್ದಕ್ಕೆ ಎರಡೆರಡು ಕಣ್ಣು ಬರೋ ಹಂಗೆ ಕುಯ್ದು ಬೂದಿ ಹಚ್ಚಿ ಎರಡು ದಿನ ನೆರಳಲ್ಲಿ ಒಣಗಿಸಿದ್ದೆ, ಚಿಕ್ಕಪ್ಪನದ್ದು ಇಡೀ ಗೆಡ್ಡೆನೇ ಹಾಕ್ದೆ. ಹಸಿ ಗಾಯ ಇರೋ ತುಂಡನ್ನ ತೇವದ ಮಣ್ಣಿಗೆ ಹಾಕಿದ್ರೆ ಕೊಳೆಯತ್ತೆ, ಚೀಟಿಲಿ "ಕುಯ್ದು ತಕ್ಷಣ ನೆಡಿ" ಅಂತಿದೆ, ಹಂಗೆ ಮಾಡಬೇಡಿ.

ಈಗ ಬ್ಯಾಗಿನ ಗುಣ ಹೇಳ್ಬೇಕು, ಅನ್ಯಾಯ ಮಾಡಬಾರದು. ಬಟ್ಟೆ ನಿಜವಾಗ್ಲೂ ಚೆನ್ನಾಗಿದೆ. ದಪ್ಪ ಕಂಬಳಿ ಥರ ಇದೆ, ನೀರು ಹೆಚ್ಚಾದ್ರೆ ಸುತ್ತಲೂ ಬೆವರಿದಂಗೆ ಹೊರಗೆ ಬಂದುಬಿಡತ್ತೆ, ಒಳಗಡೆ ನಿಲ್ಲಲ್ಲ. ಹಿಡಿ ಗಟ್ಟಿ, ಮಣ್ಣು ತುಂಬಿದ ಮೇಲೆ ನಾನು ನಮ್ಮೆಜಮಾನ್ರು ಎರಡು ಕಡೆ ಹಿಡ್ಕೊಂಡು ಬಿಸಿಲು ಬರೋ ಕಡೆ ಎಳೆದಾಡಿದ್ರೂ ಹೊಲಿಗೆ ಬಿಟ್ಟಿಲ್ಲ. ಎರಡು ಬೆಳೆ ಮುಗಿದ್ರೂ ಬಣ್ಣ ಮಾಸಿದೆ ಬಿಟ್ರೆ ಏನಾಗಿಲ್ಲ. ಒಂದೇ ತೊಂದರೆ ಅಂದ್ರೆ ಗಾಳಿಗೆ ಬೇಗ ಒಣಗತ್ತೆ, ಡಿಸೆಂಬರಲ್ಲೂ ದಿನ ಬಿಟ್ಟು ದಿನ ನೀರು ಬೇಕು, ಎರಡು ದಿನ ಊರಿಗೆ ಹೋದ್ರೆ ಪಕ್ಕದ ಮನೆಯೋರ ಕಾಲು ಹಿಡೀಬೇಕು.

ಕಿಟಕಿಗೆ ಬರ್ತೀನಿ. ವೆಲ್ಕ್ರೋ ಹಚ್ಚಿದ ಒಂದು ಬಾಗಿಲು, ಎಳೆದ್ರೆ ಚರ್ರ್ ಅಂತ ತೆಗೆಯತ್ತೆ. ಐದನೇ ಕ್ಲಾಸ್ ಓದೋ ಮಗ ಇರೋ ಮನೇಲಿ ಇಂಥದ್ದೊಂದು ಇದ್ರೆ ಏನಾಗತ್ತೆ ಹೇಳಿ. ಸ್ಕೂಲಿಂದ ಬಂದೋನೇ ಬ್ಯಾಗ್ ಬಿಸಾಕಿ ಮಹಡಿಗೆ ಹೋಗೋನು, ಕೆಳಗಡೆ ನಂಗೆ ಚರ್ರ್ ಅಂತ ಸೌಂಡು ಕೇಳ್ಸೋದು. ಡಿಸೆಂಬರ್ ಮಧ್ಯದಲ್ಲಿ ಒಂದಿನ ನಾನೂ ಅವನ ಜೊತೆ ಬಗ್ಗಿ ನೋಡ್ದೆ. ಮಣ್ಣಿನ ಗೋಡೆ ಜರಗಿ ಒಂದು ಚಿಕ್ಕ ಗುಹೆ ಆಗಿತ್ತು, ಅದರೊಳಗೆ ಶ್ಯಾವಿಗೆ ಎಳೆಗಿಂತ ಸ್ವಲ್ಪ ದಪ್ಪ ಇರೋ ಬಿಳೀ ಕುಡಿಗಳು, ಒಂದೊಂದರ ತುದೀಲೂ ಹೆಸರುಕಾಳಷ್ಟು ಗಂಟು. ಅದೇ ಮುಂದೆ ಆಲೂಗೆಡ್ಡೆ ಆಗೋದು. ಅದು ಬೇರಲ್ಲ, ಮಣ್ಣೊಳಗೆ ಅಡ್ಡಡ್ಡ ಓಡೋ ಕಾಂಡ, ಆಲೂಗೆಡ್ಡೆ ಅನ್ನೋದೇ ಊದಿಕೊಂಡ ಕಾಂಡ, ಅದಕ್ಕೇ ಅದಕ್ಕೆ ಕಣ್ಣಿರೋದು. ಅಂಥ ನಾಲ್ಕೈದು ಕುಡಿ ಮುರಿದು ಬಾಗಿಲ ಹತ್ರ ಒಣಗಿ ಬಿದ್ದಿದ್ವು. ಒಂದೊಂದು ಸಲ ಕಿಟಕಿ ತೆಗೆದಾಗ್ಲೂ ಒಂದೊಂದು ಆಲೂಗೆಡ್ಡೆ ಹುಟ್ಟೋಕೆ ಮುಂಚೆನೇ ಹೋಗ್ತಿತ್ತು! ಮಗನಿಗೆ ತೋರಿಸಿ ಹೇಳ್ದೆ, ಪಾಪ ಅವನ ಮುಖ ಸಪ್ಪೆ ಆಯ್ತು, ಆಮೇಲಿಂದ ಅವನೇ ಕಾವಲುಗಾರ.

ಅಷ್ಟಕ್ಕೇ ಮುಗೀಲಿಲ್ಲ. ವೆಲ್ಕ್ರೋಗೆ ಮಣ್ಣು ಸೇರ್ಕೊಂಡು ಒಂದು ತಿಂಗಳಿಗೇ ಹಿಡಿಯೋದು ಬಿಡ್ತು, ಬಾಗಿಲು ಮೂಲೇಲಿ ಬಾಯಿ ಬಿಟ್ಕೊಂಡು ಬೆಳಕು ಒಳಗೆ ಹೋಗೋಕೆ ಶುರುವಾಯ್ತು. ಆಲೂಗೆಡ್ಡೆಗೆ ಬೆಳಕು ಬಿದ್ರೆ ಹಸಿರಾಗತ್ತೆ, ಹಸಿರಾದ ಕಡೆ ಸೋಲನಿನ್ ಅನ್ನೋ ವಿಷ ಸೇರತ್ತೆ, ಕಹಿ, ಹೊಟ್ಟೆ ಕೆಡಿಸತ್ತೆ, ಬೇಯಿಸಿದ್ರೂ ಹೋಗಲ್ಲ. ನಮ್ಮಜ್ಜಿ ಹಸಿರು ಗೆಡ್ಡೆ ದನಕ್ಕೂ ಹಾಕ್ತಿರ್ಲಿಲ್ಲ. ರೈತರು ಬೋದು ಏರಿಸೋದೇ, ಅಂದ್ರೆ ಗಿಡದ ಬುಡಕ್ಕೆ ಮಣ್ಣು ಸೇರಿಸೋದೇ, ಗೆಡ್ಡೆಗೆ ಬೆಳಕು ತಾಗಬಾರದು ಅಂತ. ಮನೆ ಮನೆಯೋರೆಲ್ಲ ಬೆಳಕು ಮುಚ್ಚೋಕೆ ಒದ್ದಾಡೋ ಬೆಳೆಗೆ ಈ ಕಂಪನಿಯೋರು ಕಿಟಕಿ ಇಟ್ಟಿದಾರೆ. ಕೊನೆಗೆ ನಮ್ಮೆಜಮಾನ್ರು ಪ್ಯಾಕಿಂಗ್ ಟೇಪ್ ತಂದು ಎರಡೂ ಕಿಟಕಿಗೆ ನಾಲ್ಕು ಸುತ್ತು ಸುತ್ತಿ ಕಥೆ ಮುಗಿಸಿದ್ರು.

ಅಕ್ಕಿ ಚೀಲಕ್ಕೆ ಈ ರಗಳೆ ಯಾವುದೂ ಇಲ್ಲ. ತಳದಲ್ಲಿ ಕಾದ ಸ್ಕ್ರೂಡ್ರೈವರಲ್ಲಿ ಹತ್ತು ತೂತು, ಬಾಯಿನ ಪ್ಯಾಂಟಿನ ಕಾಲು ಮಡಚಿದಂಗೆ ಕೆಳಗೆ ಮಡಚಿ ಅರ್ಧ ಅಡಿ ಮಣ್ಣು, ಗೆಡ್ಡೆ, ಮೇಲೆ ನಾಲ್ಕು ಇಂಚು ಮಣ್ಣು. ಗಿಡ ಒಂದು ಗೇಣು ಬಂದಾಗ ಒಂದು ಮಡಿಕೆ ಬಿಚ್ಚಿ ಮಣ್ಣು ಹಾಕು, ಮತ್ತೆ ಹದಿನೈದು ದಿನಕ್ಕೆ ಇನ್ನೊಂದು. ಬ್ಯಾಗಿಗೂ ಹಂಗೇ ಎರಡು ಸಲ ಏರಿಸ್ದೆ. ಆದ್ರೆ ಒಂದು ವಿಷಯ, ಎಷ್ಟು ಎತ್ತರಕ್ಕೆ ಮಣ್ಣು ಹಾಕಿದ್ರೆ ಅಷ್ಟೂ ಮಹಡಿ ಮಹಡಿಯಾಗಿ ಗೆಡ್ಡೆ ಬಿಡತ್ತೆ ಅಂತ ವಿಡಿಯೋದಲ್ಲೆಲ್ಲ ತೋರಿಸ್ತಾರಲ್ಲ, ನನ್ನ ಮೂರರಲ್ಲೂ ಗೆಡ್ಡೆ ಸಿಕ್ಕಿದ್ದು ಬಿತ್ತಿದ ಜಾಗದಿಂದ ಮೇಲಿನ ಅರ್ಧ ಅಡಿಲಿ ಮಾತ್ರ, ಅದಕ್ಕಿಂತ ಮೇಲೆ ಬರೀ ಕಾಂಡ. ಮಣ್ಣು ಸುಮ್ನೆ ಹೊತ್ತಿದ್ದಾಯ್ತು.

ರೋಗದ ಬಗ್ಗೆ ನನ್ನ ಹತ್ರ ಜಾಸ್ತಿ ಹೇಳೋಕಿಲ್ಲ, ಟೆರೇಸಲ್ಲಿ ಗಾಳಿ ಆಡ್ತಿತ್ತು, ಮಳೆಗಾಲ ಅಲ್ಲ, ನಾಲ್ಕು ಎಲೆ ಮೇಲೆ ಕಂದು ಚುಕ್ಕೆ ಬಂತು ಕಿತ್ತು ಬಿಸಾಕ್ದೆ. ಆ ಕಿಟ್ಟಿನ ಟಾನಿಕ್ "ಎಲ್ಲ ರೋಗಕ್ಕೂ" ಅಂತ ಬರೆದಿರೋದು ನೋಡಿ ಮಾತ್ರ ನಂಗೆ ಸಿಟ್ಟು ಬಂತು. ನಮ್ಮೂರಲ್ಲಿ ಅಂಗಮಾರಿ ಬಂದಾಗ ಹೆಂಗಿರತ್ತೆ ಅಂತ ಕಣ್ಣಾರೆ ನೋಡಿದೀನಿ, ಮೂರು ದಿನ ಬಿಡದೆ ಸೋನೆ, ಮೋಡ, ಮಂಜು ಇದ್ರೆ ಸಾಕು, ಸಂಜೆ ಹಸಿರಿದ್ದ ಹೊಲ ನಾಲ್ಕು ದಿನಕ್ಕೆ ಬಿಸಿನೀರು ಚೆಲ್ಲಿದಂಗೆ ಕಪ್ಪಾಗಿ, ಆ ಕೊಳೆತ ವಾಸನೆ ರೋಡಿಗೆ ಬರ್ತಿತ್ತು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆ ಹಾಳು ಮಾಡಿ ಜನ ಉಪವಾಸ ಸಾಯೋ ಹಂಗೆ ಮಾಡಿದ್ದೂ ಇದೇ ರೋಗ. ಇದೇ ಏಟಿಗೆ, ಜೊತೆಗೆ ರೇಟಿನ ಏಟಿಗೆ, ನಮ್ಮ ಸೀಮೇಲಿ ಎಷ್ಟೋ ಜನ ಆಲೂಗೆಡ್ಡೆ ಬಿಟ್ಟು ಮುಸುಕಿನ ಜೋಳ, ಶುಂಠಿಗೆ ಹೋದ್ರು. ಚಿಕ್ಕಪ್ಪಂದೂ ಎರಡು ಎಕರೆ ಇದ್ದಿದ್ದು ಈಗ ಅರ್ಧ ಎಕರೆ. ಅಂಥ ರೋಗಕ್ಕೆ ಕೆಮ್ಮಿನ ಸಿರಪ್ಪಂತೆ.

ಜನವರಿ ಕೊನೆಗೆ ಗಿಡ ತಾನಾಗೇ ಹಳದಿಯಾಗಿ ಮಲಗ್ತು. ಹತ್ತು ದಿನ ನೀರು ನಿಲ್ಲಿಸ್ದೆ. ಮೇಲೆ ಮೇಲೆ ಕೆದಕಿ ಒಂದು ಗೆಡ್ಡೆ ತೆಗೆದು ಹೆಬ್ಬೆರಳಲ್ಲಿ ಉಜ್ಜಿ ನೋಡ್ದೆ, ಸಿಪ್ಪೆ ಜಾರಿ ಬಂದ್ರೆ ಇನ್ನೂ ಎಳಸು, ಜಾರದಿದ್ರೆ ಬಲಿತಿದೆ ಅಂತ. ಫೆಬ್ರವರಿ 9, ಭರ್ತಿ 95ನೇ ದಿನ. ಹಳೇ ಸೀರೆ ಹಾಸಿ ಒಂದೊಂದೇ ಬೋರಲು ಹಾಕಿದ್ವಿ, ನಮ್ಮತ್ತೆ ಸ್ಟೂಲ್ ಹಾಕ್ಕೊಂಡು ಕೂತಿದ್ರು, ತಕ್ಕಡಿ ಅವರ ಕೈಲೇ.

ಕಂಪನಿ ಬೀಜದ ಬ್ಯಾಗು: ಮೂರರಲ್ಲಿ ಒಂದು ತುಂಡು ಕೊಳೆತೇ ಹೋಗಿತ್ತು, ಇನ್ನೆರಡು 25 ದಿನ ಆದ್ಮೇಲೆ ತಲೆ ಎತ್ತಿದ್ವು, 9 ಗೆಡ್ಡೆ, 580 ಗ್ರಾಂ. ಚಿಕ್ಕಪ್ಪನ ಬೀಜದ ಬ್ಯಾಗು: 17 ಗೆಡ್ಡೆ, 1 ಕೆಜಿ 420 ಗ್ರಾಂ, ಅದರಲ್ಲಿ ಕಿಟಕಿ ಪಕ್ಕ ಇದ್ದ ಮೂರು ಹಸಿರು, ಬಿಸಾಕಿದ್ದು. ಅಕ್ಕಿ ಚೀಲ: 14 ಗೆಡ್ಡೆ, 1 ಕೆಜಿ 310 ಗ್ರಾಂ, ಹಸಿರು ಒಂದೂ ಇಲ್ಲ. ಐದು ಕೆಜಿ ಅಂತ ಚೀಟಿಲಿ ಬರೆದೋರು ಯಾವ ತಕ್ಕಡಿಲಿ ತೂಗಿದ್ರೋ. ಮಣ್ಣು ಕೆದಕ್ತಾ ಕೆದಕ್ತಾ ಮುಗೀತು ಅಂದ್ಕೊಂಡಾಗ ತಣ್ಣಗೆ ಗುಂಡಗೆ ಒಂದು ಕೈಗೆ ಸಿಗತ್ತಲ್ಲ, ಅದೊಂದು ಮಾತ್ರ ಹಳೇ ನೇಗಿಲ ಹಿಂದಿನ ಥರಾನೇ ಇತ್ತು. ನಮ್ಮತ್ತೆಗೂ ತಡೆಯೋಕಾಗ್ಲಿಲ್ಲ, ಸ್ಟೂಲ್ ಬಿಟ್ಟು ಸೆರಗು ಸಿಕ್ಕಿಸ್ಕೊಂಡು ಕೂತೇಬಿಟ್ರು ಕೆಳಗೆ, ಅಕ್ಕಿ ಚೀಲದ ಅತೀ ದೊಡ್ಡ ಗೆಡ್ಡೆ ಸಿಕ್ಕಿದ್ದು ಅವರಿಗೇ.

ತೊಳೀಬೇಡಿ, ಮಣ್ಣು ಉದುರಿಸಿ ನೆರಳಲ್ಲಿ ಗೋಣಿ ಮೇಲೆ ಹತ್ತು ದಿನ ಹರಡಿ, ಸಿಪ್ಪೆ ಗಟ್ಟಿಯಾಗತ್ತೆ, ಕಿತ್ತಾಗಿನ ಗೀರು ಗಾಯ ಮಾಗತ್ತೆ. ಫ್ರಿಜ್ಜಿಗೆ ಹಾಕಬೇಡಿ, ಚಳಿಗೆ ಒಳಗಿನ ಪಿಷ್ಟ ಸಕ್ಕರೆ ಆಗಿ ಪಲ್ಯ ಸಿಹಿ ಸಿಹಿ ಆಗತ್ತೆ, ಎಣ್ಣೆಗೆ ಬಿಟ್ರೆ ಬೇಗ ಕಪ್ಪಾಗತ್ತೆ. ನಾವು ಮೊದಲನೇ ದಿನ ಕಾಯೋಕಾಗ್ದೆ ಗೋಲಿ ಗಾತ್ರದ್ದೆಲ್ಲ ಆರಿಸಿ ಸಿಪ್ಪೆ ಸಮೇತ ಬೇಯಿಸಿ ಸಾಸಿವೆ ಒಗ್ಗರಣೆ ಹಾಕಿ, ಹುಳಿಪುಡಿ ಉದುರಿಸಿ, ಬಾಣಲೆಲಿ ಹೊರಳಾಡಿಸಿ ಅನ್ನ ತಿಳಿಸಾರಿನ ಜೊತೆ ತಿಂದ್ವಿ. ಸಿಪ್ಪೆ ಕಾಗದದಷ್ಟು ತೆಳು. ರುಚಿ ಬಗ್ಗೆ ದುಡ್ಡಿನ ಲೆಕ್ಕ ತೆಗೀಬಾರದು, ಆದ್ರೂ ಇದು ರಿವ್ಯೂ ಅಲ್ವಾ: ಕಿಟ್ಟು 949, ಬೀಜ 179, ಮಣ್ಣು ಗೊಬ್ಬರ 260, ಒಟ್ಟು 1,388. ಎರಡನೇ ಬೆಳೆ ಮೂರೂ ಸೇರಿ 3 ಕೆಜಿ 310 ಗ್ರಾಂ. ಕೆಜಿಗೆ ಹತ್ರ ಹತ್ರ 420 ರೂಪಾಯಿ. ಅವತ್ತು ನಮ್ಮ ಬೀದಿಗೆ ಬಂದ ಗಾಡಿಲಿ 30 ಇತ್ತು. ಬ್ಯಾಗು ಇನ್ನೂ ನಾಲ್ಕೈದು ವರ್ಷ ಬರತ್ತೆ, ಮಣ್ಣೂ ಇದೆ ಅಂತ ನಾನು ಅಂದೆ, ನಮ್ಮೆಜಮಾನ್ರು ಸುಮ್ನೆ ತಲೆ ಆಡಿಸಿದ್ರು. ಹಾ, ಆ ಮಣ್ಣಿಗೆ ಮುಂದಿನ ಸಲ ಟೊಮೇಟೊ ಬದನೆ ಹಾಕಬೇಡಿ, ಎಲ್ಲ ಒಂದೇ ಕುಟುಂಬ, ಅದೇ ರೋಗ ಇದಕ್ಕೂ ಬರತ್ತೆ. ನಾನು ಒಂದಕ್ಕೆ ಹುರುಳಿಕಾಯಿ, ಒಂದಕ್ಕೆ ಮೆಂತ್ಯ ಹಾಕಿದೀನಿ.

ಅಕ್ಕಿ ಚೀಲದ ತಪ್ಪೂ ಹೇಳ್ಬಿಡ್ತೀನಿ. ಬಿಸಿಲಿಗೆ ಆ ಪ್ಲಾಸ್ಟಿಕ್ ಪುಡಿಪುಡಿ ಆಯ್ತು, ಬೋರಲು ಹಾಕುವಾಗ ಕೈಗೆ ಎಳೆ ಎಳೆ ಬಂತು, ಅದನ್ನ ಮಣ್ಣಿಂದ ಆರಿಸೋಕೆ ಒಂದು ಮಧ್ಯಾಹ್ನ ಹೋಯ್ತು, ಇನ್ನೂ ಅಲ್ಲಲ್ಲಿ ಬಿಳೀ ದಾರ ಸಿಗ್ತಾನೇ ಇದೆ. ಒಂದು ಬೆಳೆಗಿಂತ ಜಾಸ್ತಿ ಬರಲ್ಲ ಅದು.

ಹಂಗಾಗಿ ತಗೊಳೋದಾದ್ರೆ ಬರೀ ಬ್ಯಾಗು ತಗೊಳಿ, ಕಿಟ್ಟು ಬೇಡ. ಬೀಜ ಹಾಸನದ ಕಡೆ, ಚಿಕ್ಕಬಳ್ಳಾಪುರ ಕೋಲಾರದ ಕಡೆ ನೆಂಟರಿದ್ರೆ ಅವರನ್ನ ಕೇಳಿ, ಕಿಲೋಗಟ್ಟಲೆ ಬೇಡ, ಆರು ಗೆಡ್ಡೆ ಸಾಕು. ಯಾರೂ ಇಲ್ಲ ಅಂದ್ರೆ ತರಕಾರಿ ಬುಟ್ಟೀಲಿ ತಾನಾಗೇ ಮೊಳಕೆ ಒಡೆದ ಗೆಡ್ಡೆನ ಒಂದು ಸಲ ಪ್ರಯತ್ನ ಮಾಡಬಹುದು, ಮೊಳಕೆ ಬರದೇ ಇರೋದನ್ನ ಮಾತ್ರ ಹೂಳ್ಬೇಡಿ. ಕಂಪನಿ ಆ್ಯಪಲ್ಲಿ ಬರೀ ಬ್ಯಾಗು ಸಿಗತ್ತೆ, ಎರಡಕ್ಕೆ 420, ಆದ್ರೆ ಅದಕ್ಕೂ ಕಿಟಕಿ ಇದೆ. ಇದೇ ಬಟ್ಟೆದು, 15 ಇಂಚಿಂದು, ಕಿಟಕಿ ಇಲ್ಲದ್ದು ಯಾರಿಗಾದ್ರೂ ಎಲ್ಲಾದ್ರೂ ಸಿಕ್ಕಿದ್ರೆ ಕೆಳಗೆ ಹೇಳಿ, ಅಕ್ಟೋಬರ್ ಒಳಗೆ ಬೇಕು, ಈ ಸಲ ನಮ್ಮತ್ತೆಗೂ ಒಂದು ಬೇಕಂತೆ.